ಹುಡುಕಾಟದ ಸಾಧನ ತಪ್ಪನ್ನು ಬಿಡಿಸಿ ಹೇಳುವಂತೆ ಮಾಡುವುದು ಹೇಗೆ?

ಚಿಕ್ಕಮಗಳೂರಿನ ಹತ್ತಿರದ ಕಾಫಿ ತೋಟವೊಂದರ ಮಳೆ ಲೆಕ್ಕ ಮತ್ತು ಹಾಜರಿ ಪುಸ್ತಕಗಳನ್ನು ವರ್ಷಕ್ಕೊಂದು ಫೈಲಿನಂತೆ ಟೈಪ್ ಮಾಡಿಸಿದಾಗ, ಅವುಗಳಿಂದ ಬೇಕಾದ ಸಾಲುಗಳನ್ನು ಹೆಕ್ಕಲು ‘ಹುಡುಕು’ ಎಂಬ ಪುಟ್ಟ ಕಮಾಂಡ್ ಲೈನ್ (ಆದೇಶ ಟೈಪ್ ಮಾಡಿ ಬಳಸುವ) ಸಾಧನವನ್ನು ನಾನು ಬರೆದುಕೊಟ್ಟಿದ್ದೆ. ಕೆಲವು ದಿನಗಳಾದ ಮೇಲೆ ತೋಟದ ರೈಟರು (ಲೆಕ್ಕ ಬರೆಯುವವರು) ಫೋನ್ ಮಾಡಿ, ‘ಸಾರ್, ಆ ವರ್ಷ ಹೂಮಳೆಯೇ ಬಿದ್ದಿಲ್ಲ ಅನ್ನುತ್ತಿದೆಯಲ್ಲ’ ಎಂದರು. ಹೂಮಳೆಯೆಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆ ಮಳೆ. ಅದು ಬಿದ್ದಿತ್ತು, ಒಂದು ಇಂಚು ಇಪ್ಪತ್ತು ಸೆಂಟ್ (ಸೆಂಟ್ ಎಂದರೆ ಇಂಚಿನ ನೂರರಲ್ಲೊಂದು ಭಾಗ) ಎಂದು ಪುಸ್ತಕದಲ್ಲಿಯೂ ಇತ್ತು. ನನ್ನ ಸಾಧನ ಫೈಲನ್ನು ತೆರೆಯಲಾಗದೆ ಸುಮ್ಮನೆ ಮುಗಿದುಹೋಗಿತ್ತು, ಅವರು ಆ ಮೌನವನ್ನು ‘ಇಲ್ಲ’ ಎಂದು ಓದಿಕೊಂಡಿದ್ದರು. ತಪ್ಪು ಅವರದಲ್ಲ.

ಆದ್ದರಿಂದ ಮೊದಲ ಹೆಜ್ಜೆ, ‘ಹುಡುಕಿದೆ, ಸಿಗಲಿಲ್ಲ’ ಎನ್ನುವುದನ್ನೂ ‘ಹುಡುಕಲು ಆಗಲಿಲ್ಲ’ ಎನ್ನುವುದನ್ನೂ ಬೇರೆ ಮಾಡುವುದು. ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗಾಗಿ ಕೆನ್ ಥಾಂಪ್ಸನ್ ಬರೆದ, 1973ರಿಂದ ಬಳಕೆಯಲ್ಲಿರುವ ‘ಗ್ರೆಪ್’ ಎಂಬ ಸಾಧನ ಈ ಭೇದವನ್ನು ಎಕ್ಸಿಟ್ ಕೋಡ್‌ನಲ್ಲಿ, ಎಂದರೆ ಕೆಲಸ ಮುಗಿಸುವಾಗ ಸಾಧನ ಹಿಂದಿರುಗಿಸುವ ಸಂಖ್ಯೆಯಲ್ಲಿ, ಇಟ್ಟಿದೆ: ಸಾಲು ಸಿಕ್ಕರೆ 0, ಸಿಗದಿದ್ದರೆ 1, ಕೆಲಸದಲ್ಲಿ ದೋಷವಾದರೆ 2. ಇದು ಪ್ರೋಗ್ರಾಮುಗಳಿಗೆ ಸಾಕು, ಆದರೆ ಟರ್ಮಿನಲ್ ಮುಂದೆ ಕುಳಿತವರ ಕಣ್ಣಿಗೆ ಬೀಳುವುದಿಲ್ಲ. ಅವರಿಗೆ ‘3 ಫೈಲುಗಳಲ್ಲಿ ಹುಡುಕಿದೆ, ಹೂಮಳೆ ಎಂಬ ಪದ ಎಲ್ಲಿಯೂ ಇಲ್ಲ’ ಎಂಬ ಪೂರ್ಣ ವಾಕ್ಯವೇ ಬೇಕು. ಒಂದೂ ಫೈಲನ್ನು ನೋಡದೆ ಕೆಲಸ ಮುಗಿದರೆ ‘ರಿಪ್‌ಗ್ರೆಪ್’ ಎಂಬ ಹೊಸ ಕಾಲದ ಸಾಧನ ಅದನ್ನು ಬಾಯಿಬಿಟ್ಟು ಹೇಳುತ್ತದೆ, ಫೈಲುಗಳು ಏಕೆ ಬಿಟ್ಟುಹೋದವು ಎಂದು ತಿಳಿಯುವ ದಾರಿಯನ್ನೂ ತೋರಿಸುತ್ತದೆ. ಇಂಥ ಸಂದೇಶಗಳನ್ನೆಲ್ಲ ದೋಷ ಸಂದೇಶಗಳಿಗೆಂದೇ ಬೇರೆಯಾಗಿರುವ ‘ಸ್ಟ್ಯಾಂಡರ್ಡ್ ಎರರ್’ ಎಂಬ ದಾರಿಗೆ ಕಳುಹಿಸಬೇಕು. ಫಲಿತಾಂಶದ ಜೊತೆ ಬೆರೆತರೆ, ಸಾಲುಗಳನ್ನು ಎಣಿಸುವ ಮುಂದಿನ ಪ್ರೋಗ್ರಾಮು ನಿಮ್ಮ ದೋಷ ಸಂದೇಶವನ್ನೂ ಒಂದು ದಿನದ ಮಳೆಯೆಂದು ಎಣಿಸುತ್ತದೆ.

ಎರಡನೆಯದಾಗಿ, ಬಳಸುವವರ ಪಕ್ಕದಲ್ಲಿ ಕುಳಿತು, ಅವರು ಟೈಪ್ ಮಾಡಿದ್ದನ್ನೂ ಸಾಧನ ಕೊಟ್ಟ ಉತ್ತರವನ್ನೂ ಇದ್ದಂತೆಯೇ ಬರೆದುಕೊಳ್ಳಿ. ನಾನು ಹಾಗೆ ಕುಳಿತಾಗ ಸಿಕ್ಕಿದ್ದು ಇದು. ಫೈಲಿನ ಹೆಸರು ‘ಮಳೆ 2023’, ನಡುವೆ ಒಂದು ಖಾಲಿ ಜಾಗ. ಉದ್ಧರಣ ಚಿಹ್ನೆ ಹಾಕದೆ ಟೈಪ್ ಮಾಡಿದರೆ ಶೆಲ್ (ಟೈಪ್ ಮಾಡಿದ ಆದೇಶವನ್ನು ಓದಿ ಸಾಧನಕ್ಕೆ ದಾಟಿಸುವ ಪ್ರೋಗ್ರಾಮು) ಅದನ್ನು ‘ಮಳೆ’, ‘2023’ ಎಂಬ ಎರಡು ಹೆಸರುಗಳಾಗಿ ಒಡೆದು ಕೊಡುತ್ತದೆ, ಎರಡೂ ಇರುವುದಿಲ್ಲ. ಆಗ ಆಪರೇಟಿಂಗ್ ಸಿಸ್ಟಮ್ ಕೊಡುವ ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂಬ ಮಾತನ್ನು ಹಾಗೆಯೇ ದಾಟಿಸಿದರೆ, ಫೈಲು ಕಣ್ಣೆದುರಿಗೇ ಇರುವಾಗ ಇಲ್ಲವೆಂದು ಸಾಧಿಸಿದಂತಾಗುತ್ತದೆ.

ಅಂಥ ಸಂದೇಶವನ್ನು ತಿದ್ದುವಾಗ ಸಾಧನ ತಾನು ಏನೆಂದು ಅರ್ಥಮಾಡಿಕೊಂಡಿತು, ಎಲ್ಲಿ ನೋಡಿತು, ಬಳಸುವವರು ಈಗ ಏನು ಟೈಪ್ ಮಾಡಬೇಕು ಎಂಬ ಮೂರನ್ನೂ ಹೇಳಿಸಿ. ನಾನು ಬರೆದದ್ದು ಹೀಗಿದೆ: ‘ಈ ಫೋಲ್ಡರಿನಲ್ಲಿ ಮಳೆ, 2023 ಎಂಬ ಎರಡು ಫೈಲುಗಳಿಗಾಗಿ ನೋಡಿದೆ, ಎರಡೂ ಸಿಗಲಿಲ್ಲ. ಮಳೆ 2023 ಎಂಬ ಒಂದು ಫೈಲಿದೆ. ಅದೇ ಬೇಕಿದ್ದರೆ ಹೆಸರನ್ನು ಉದ್ಧರಣ ಚಿಹ್ನೆಗಳ ಒಳಗೆ ಬರೆಯಿರಿ.’ ಹುಡುಕುವ ಪದವೇ ‘-5’ ಎಂದು ಅಡ್ಡಗೆರೆಯಿಂದ ಶುರುವಾದರೆ ಸಾಧನ ಅದನ್ನು ಆಪ್ಷನ್ (ತನ್ನ ವರ್ತನೆ ಬದಲಿಸುವ ಸೂಚನೆ) ಎಂದುಕೊಳ್ಳುತ್ತದೆ. ಅಲ್ಲಿ ‘ಅಮಾನ್ಯ ಆಪ್ಷನ್’ ಎಂದು ಗದರುವ ಬದಲು, ಪದದ ಮುಂದೆ ‘--’ ಹಾಕಿ ಎಂದು ಹೇಳಿದರೆ ಸಾಕು.

ಕನ್ನಡದಲ್ಲಿ ನಿಜವಾಗಿ ಕಷ್ಟವಾಗುವುದು ರೆಗ್ಯುಲರ್ ಎಕ್ಸ್‌ಪ್ರೆಶನ್‌ನ (ಆವರಣದಂಥ ಕೆಲವು ಚಿಹ್ನೆಗಳಿಗೆ ವಿಶೇಷ ಅರ್ಥವಿರುವ ಹುಡುಕಾಟದ ಮಾದರಿಯ) ದೋಷಗಳಲ್ಲಿ. ಹಾಜರಿ ಪುಸ್ತಕದಲ್ಲಿ ‘ಕಾಫಿ(ಅರೇಬಿಕಾ)’ ಎಂದಿರುವುದನ್ನು ನೋಡಿ ರೈಟರು ‘ಕಾಫಿ(’ ಎಂದಷ್ಟೇ ಟೈಪ್ ಮಾಡಿದರು, ಆವರಣ ಚಿಹ್ನೆ ಮುಚ್ಚಿಲ್ಲವೆಂದು ಸಾಧನ ನಿಂತಿತು. ತಪ್ಪಾದ ಜಾಗದ ಕೆಳಗೆ ‘^’ ಗುರುತು ಹಾಕುವುದು ಒಳ್ಳೆಯ ಪದ್ಧತಿಯೇ, ಆದರೆ ‘ಕಾಫಿ’ ಕಣ್ಣಿಗೆ ಎರಡು ಅಕ್ಷರ, ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ನಾಲ್ಕು ಸಂಕೇತ, ಆ ಸಂಕೇತಗಳನ್ನು ಫೈಲಿನಲ್ಲಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ 12 ಬೈಟ್. ಬೈಟ್ ಎಣಿಸಿ ಹಾಕಿದ ಗುರುತು ಬಲಕ್ಕೆ ಎಲ್ಲಿಯೋ ಹೋಗಿ ನಿಲ್ಲುತ್ತದೆ, ಸಂಕೇತಗಳನ್ನು ಎಣಿಸಿದರೂ ಎಲ್ಲ ಟರ್ಮಿನಲ್‌ಗಳೂ ಗುಣಿತಾಕ್ಷರಗಳಿಗೆ ಒಂದೇ ಅಗಲ ಕೊಡುವುದಿಲ್ಲ. ಆದ್ದರಿಂದ ನಾನು ಗುರುತನ್ನು ಕೈಬಿಟ್ಟು, ‘ಕಾಫಿ ಎಂಬುದರ ನಂತರ ತೆರೆದ ( ಚಿಹ್ನೆ ಮುಚ್ಚಿಲ್ಲ. ಆ ಚಿಹ್ನೆಯನ್ನೇ ಹುಡುಕಬೇಕಿದ್ದರೆ --ಇದ್ದಂತೆ ಎಂಬ ಆಪ್ಷನ್ ಸೇರಿಸಿ’ ಎಂದು ಮಾತಿನಲ್ಲಿಯೇ ಹೇಳಿಸಿದೆ. ಗ್ರೆಪ್‌ನಲ್ಲಿ ಈ ಕೆಲಸಕ್ಕೆ ಅಡ್ಡಗೆರೆ ಮತ್ತು ದೊಡ್ಡ ‘ಎಫ್’ ಇದೆ.

ಇನ್ನೊಂದು ಮೌನವೂ ಉಂಟು. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲುಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳು. ಯೂನಿಕೋಡ್ ಪದ ಅಲ್ಲಿ ಎಂದಿಗೂ ಸಿಗುವುದಿಲ್ಲ. ಹುಡುಕುವ ಪದ ಕನ್ನಡದಲ್ಲಿದ್ದು, ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳಲ್ಲಿ ಒಂದೂ ಫೈಲಿನಲ್ಲಿ ಕಾಣದಿದ್ದರೆ, ‘ಈ ಫೈಲು ಹಳೆಯ ಫಾಂಟ್‌ನದಿರಬಹುದು, ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ’ ಎಂದು ಎಚ್ಚರಿಸುವುದು ಹತ್ತಾರು ಸಾಲಿನ ಕೆಲಸ.

ಪ್ರತಿ ಸಂದೇಶಕ್ಕೂ ಒಂದು ಪರೀಕ್ಷೆ ಬರೆದು, ಎಕ್ಸಿಟ್ ಕೋಡನ್ನೂ ಅದರಲ್ಲಿಯೇ ತಾಳೆ ನೋಡಿ. ಸಂದೇಶಗಳ ಪಠ್ಯವನ್ನು ಪ್ರೋಗ್ರಾಮಿನಿಂದ ಹೊರಗೆ, ಒಂದೇ ಫೈಲಿನಲ್ಲಿ ಇಡಿ. ನನ್ನ ಮೊದಲ ಕರಡಿನಲ್ಲಿ ‘ಕಡತ ಲಭ್ಯವಿರುವುದಿಲ್ಲ’ ಎಂದಿತ್ತು. ರೈಟರು ಅದನ್ನು ಹೊಡೆದುಹಾಕಿ ‘ಫೈಲು ಸಿಗಲಿಲ್ಲ’ ಎಂದು ಬರೆದು ಕಳುಹಿಸಿದರು, ಈಗ ಅದೇ ಇದೆ.