ಬಿಯರ್‌ಗೆ ಎಸರಿಟ್ಟ ಕಥೆ

ಮೆಲ್ಬರ್ನ್‌ಗೆ ಬಂದ ನಾಲ್ಕನೇ ವರ್ಷ ನನಗೆ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹಿಡಿಯಿತು. ಕಾರಣ ದೊಡ್ಡದೇನಲ್ಲ. ಆಫೀಸಿನ ಗೆಳೆಯನೊಬ್ಬ ಮನೆ ಬದಲಿಸುವಾಗ ಒಂದು ಪ್ಲಾಸ್ಟಿಕ್ ಡ್ರಮ್ಮು, ಸಕ್ಕರೆ ಎಷ್ಟಿದೆ ಅಂತ ಅಳೆಯುವ ಹೈಡ್ರೋಮೀಟರು, ಮೂವತ್ತು ಖಾಲಿ ಬಾಟಲಿ ಎಲ್ಲವನ್ನೂ ನನ್ನ ತಲೆಗೆ ಕಟ್ಟಿದ. ಇಲ್ಲಿ ಬಿಯರ್ ಕಿಟ್ ಸೂಪರ್ ಮಾರ್ಕೆಟ್ಟಿನಲ್ಲೇ ಸಿಗುತ್ತದೆ. 1.7 ಕೆಜಿಯ ಒಂದು ಡಬ್ಬ. ಒಳಗೆ ಜೋನಿ ಬೆಲ್ಲದ ಹಾಗಿರುವ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಪಾಕ, ಅದಕ್ಕೆ ಹಾಪ್ಸ್ ಅನ್ನುವ ಹೂವಿನ ಕಹಿ ಮೊದಲೇ ಸೇರಿರುತ್ತದೆ. ಮುಚ್ಚಳದ ಕೆಳಗೆ ಹುದುಗು ಬರಿಸುವ ಯೀಸ್ಟಿನ ಪುಟ್ಟ ಪೊಟ್ಟಣ. ಪಾಕವನ್ನು ಬಿಸಿನೀರಲ್ಲಿ ಕರಗಿಸಿ, ಒಂದು ಕಿಲೋ ಸಕ್ಕರೆ ಹಾಕಿ, 23 ಲೀಟರ್ ಆಗುವ ತನಕ ತಣ್ಣೀರು ಸುರಿದು, ಯೀಸ್ಟ್ ಉದುರಿಸಿ ಮುಚ್ಚಿಟ್ಟರೆ ಮುಗಿಯಿತು. ಮುಕ್ಕಾಲು ಗಂಟೆಯ ಕೆಲಸ.

ಮುಂದೆ ಹೋಗುವ ಮೊದಲು ಒಂದು ಮಾತು. ಆಸ್ಟ್ರೇಲಿಯಾದಲ್ಲಿ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಬಹುದು, ಮಾರುವ ಹಾಗಿಲ್ಲ. ಭಟ್ಟಿ ಇಳಿಸುವುದಕ್ಕೆ ಮಾತ್ರ ಇಲ್ಲೂ ಲೈಸೆನ್ಸ್ ಬೇಕೇ ಬೇಕು. ನಮ್ಮೂರಲ್ಲಿ ಅಬಕಾರಿ ಕಾನೂನು ಬೇರೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸಿದರೆ ಕೇಸು. ಹಾಗಾಗಿ ತುಮಕೂರಿನ ಹಿತ್ತಲಲ್ಲಿ ಇದನ್ನು ಮಾಡಲು ಹೋಗಬೇಡಿ.

ನನ್ನ ಮೊದಲ ಡಬ್ಬದ ಬಿಯರ್ ಕುಡಿದವರೆಲ್ಲ 'ಪರವಾಗಿಲ್ಲ' ಅಂದರು. ಕನ್ನಡದಲ್ಲಿ ಆ ಮಾತಿನ ಅರ್ಥ ಏನು ಅಂತ ನಿಮಗೆ ಗೊತ್ತು. ಕುಡಿಯುವಾಗ ಹುಳಿ ಸೇಬಿನ ಹಾಗೆ ಒಂದು ವಾಸನೆ, ನುಂಗಿದ ಮೇಲೆ ತೆಳ್ಳಗೆ ನೀರು ನೀರು. ತಪ್ಪು ಡಬ್ಬದ್ದು ಅಂದುಕೊಂಡೆ. ಬೇರೆ ಡಬ್ಬ ತಂದೆ. ಅದೇ ರುಚಿ. ಮೂರನೆಯದೂ ಅದೇ.

ಬುದ್ಧಿ ಬರೋಕೆ ಜನವರಿ ತಿಂಗಳು ಬೇಕಾಯಿತು. ಹೊರಗೆ 38 ಡಿಗ್ರಿ, ಗ್ಯಾರೇಜಿನಲ್ಲಿ ಡ್ರಮ್ಮು. ಕೈ ಇಟ್ಟು ನೋಡಿದರೆ ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗಿತ್ತು. ಯೀಸ್ಟ್ ಕೆಲಸ ಮಾಡುವಾಗ ತಾನೂ ಬಿಸಿ ಹುಟ್ಟಿಸುತ್ತದೆ, ಹಾಗಾಗಿ ಒಳಗಿನ ಶಾಖ ಹೊರಗಿನದಕ್ಕಿಂತ ಎರಡು ಮೂರು ಡಿಗ್ರಿ ಜಾಸ್ತಿಯೇ. ಅಷ್ಟು ಸೆಕೆಯಲ್ಲಿ ಅದು ಗಡಿಬಿಡಿಯಿಂದ ಸಕ್ಕರೆ ತಿಂದು ಬೇಡದ ವಾಸನೆಗಳನ್ನೆಲ್ಲ ಬಿಟ್ಟುಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಫ್ರಿಜ್ ಒಂದನ್ನು ತಂದು, ಅದಕ್ಕೆ ಟೆಂಪರೇಚರ್ ಕಂಟ್ರೋಲರ್ ಸಿಕ್ಕಿಸಿ, 18 ಡಿಗ್ರಿಗೆ ಇಟ್ಟೆ. ಮುಚ್ಚಳದ ಯೀಸ್ಟ್ ಬದಿಗಿಟ್ಟು ಯುಎಸ್-05 ಅನ್ನುವ 11.5 ಗ್ರಾಂ ಪೊಟ್ಟಣ ಹಾಕಿದೆ. ಒಂದು ಕಿಲೋ ಸಕ್ಕರೆಯ ಜಾಗಕ್ಕೆ ಒಣ ಮಾಲ್ಟ್ ಪುಡಿ ಬಂತು. ಡಬ್ಬ ಮಾತ್ರ ಅದೇ. ಆ ಬಿಯರ್ ಕುಡಿದು ನನ್ನ ಹೆಂಡತಿ ಇನ್ನರ್ಧ ಗ್ಲಾಸ್ ಕೇಳಿದಳು. ಅವಳು ಸುಮ್ನೆ ಹೊಗಳುವವಳಲ್ಲ.

ಇದನ್ನು ಇಷ್ಟು ಎಳೆದು ಹೇಳುತ್ತಿರುವುದಕ್ಕೆ ಕಾರಣ ಇದೆ. ಡಬ್ಬದ ಬಿಯರ್ ಬೇಜಾರಾಗಿ 'ಇನ್ನು ಕಾಳಿನಿಂದಲೇ ಮಾಡ್ತೀನಿ' ಅನ್ನುವವರು ನನ್ನ ಬಳಗದಲ್ಲೇ ಮೂರ್ನಾಲ್ಕು ಜನ ಇದ್ದಾರೆ. ಎಲ್ಲರಿಗೂ ನಾನು ಹೇಳುವುದು ಒಂದೇ: ಮೊದಲು ಫ್ರಿಜ್ ತಗೊಳ್ಳಿ. 28 ಡಿಗ್ರಿಯಲ್ಲಿ ಹುದುಗು ಬರಿಸಿದರೆ ಎಂಥಾ ಒಳ್ಳೆ ಬಾರ್ಲಿ ಹಾಕಿದರೂ ಅಷ್ಟೇ.

ಹಾಗಾದರೆ ಕಾಳಿಗೆ ಯಾಕೆ ಹೋದೆ? ಡಬ್ಬದಲ್ಲಿ ಮಾಡಿದ್ದು ಚೆನ್ನಾಗಿರುತ್ತಿತ್ತು, ಆದರೆ ಬಾಯಲ್ಲಿ ಅನ್ನದ ತಿಳಿ ಕುಡಿದ ಹಾಗಿನ ತುಂಬು ಇರುತ್ತಿರಲಿಲ್ಲ. ಹೊಸದಾಗಿ ಹುರಿದ ಧಾನ್ಯದ ಘಮ ಇರುತ್ತಿರಲಿಲ್ಲ. ಇನ್ನೊಂದು ವಿಷಯ, ಕಹಿ ಎಷ್ಟಿರಬೇಕು ಅಂತ ಡಬ್ಬದವರೇ ತೀರ್ಮಾನಿಸಿರುತ್ತಿದ್ದರು. ನಡುವೆ ಒಂದೆರಡು ಸಲ 250 ಗ್ರಾಂ ಕ್ರಿಸ್ಟಲ್ ಮಾಲ್ಟ್ ನುಚ್ಚನ್ನು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಸೋಸಿ, ಆ ಕೆಂಪು ನೀರನ್ನು ಡಬ್ಬದ ಪಾಕಕ್ಕೆ ಸೇರಿಸಿದೆ. ಬಣ್ಣ ಬಂತು, ಸ್ವಲ್ಪ ಕ್ಯಾರಮೆಲ್ ರುಚಿ ಬಂತು. ಆದರೆ ಇದು ಟೀ ಸೋಸಿದ ಹಾಗೆ, ಅಷ್ಟೇ. ಕ್ರಿಸ್ಟಲ್ ಮಾಲ್ಟ್‌ನಲ್ಲಿ ಪಿಷ್ಟ ಸಕ್ಕರೆಯಾಗುವ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಆ ಕೆಲಸ ನನ್ನ ಪಾತ್ರೆಯಲ್ಲಿ ಆಗಬೇಕು ಅಂದರೆ ಪೇಲ್ ಮಾಲ್ಟ್ ಅನ್ನುವ ತಿಳಿ ಬಣ್ಣದ ಮಾಲ್ಟ್ ತರಬೇಕು, ಮ್ಯಾಶ್ ಮಾಡಬೇಕು, ಅಂದರೆ ಅದರ ನುಚ್ಚನ್ನು ಹದವಾದ ಬಿಸಿನೀರಲ್ಲಿ ನೆನೆಸಿಡಬೇಕು.

ಪೂರ್ತಿ ಕಾಳಿನಿಂದಲೇ ಮಾಡುವುದಾದರೆ ಐದು ಕಿಲೋ ಹತ್ತಿರ ಮಾಲ್ಟ್, 30 ಲೀಟರ್‌ಗಿಂತ ದೊಡ್ಡ ಪಾತ್ರೆ, ಅದನ್ನು ಕುದಿಸುವ ತಾಕತ್ತಿನ ಒಲೆ ಬೇಕು. ನಮ್ಮ ಮನೆಯಲ್ಲಿ ಇರುವುದು ಎಲೆಕ್ಟ್ರಿಕ್ ಒಲೆ ಮತ್ತು ಹಬ್ಬಕ್ಕೆ ಪುಳಿಯೋಗರೆ ಕಲಸುವ 19 ಲೀಟರ್ ಸ್ಟೀಲ್ ಪಾತ್ರೆ. ಪಾರ್ಶಿಯಲ್ ಮ್ಯಾಶ್ ಇಂಥವರಿಗೇ ಹೇಳಿ ಮಾಡಿಸಿದ್ದು. ಅರ್ಧ ಸಕ್ಕರೆ ಕಾಳಿನಿಂದ, ಇನ್ನರ್ಧ ಹಾಪ್ಸ್ ಹಾಕದ ಸಾದಾ ಮಾಲ್ಟ್ ಪಾಕದಿಂದ. ಕಾಳನ್ನು ಒಂದು ದೊಡ್ಡ ಬಟ್ಟೆ ಚೀಲದಲ್ಲಿ ಹಾಕಿ ಪಾತ್ರೆಯೊಳಗೇ ನೆನೆಸಿ, ಆಮೇಲೆ ಚೀಲ ಎತ್ತಿಬಿಡುವುದು. ಈ ಚೀಲದ ಉಪಾಯ ಇಲ್ಲಿನ ಮನೆಬಿಯರ್‌ನವರೇ ಬಳಕೆಗೆ ತಂದದ್ದು. ಈಗ ಬೇರೆ ದೇಶಗಳಲ್ಲೂ ಮಾಡುತ್ತಾರೆ. ನನ್ನ ಚೀಲ ಕಿಟಕಿ ಪರದೆಯ ತೆಳು ಬಟ್ಟೆಯಿಂದ ಹೊಲಿದದ್ದು.

ಅಂಗಡಿಯವರು ಮಾಲ್ಟನ್ನು ಅಲ್ಲೇ ಒಡೆದು ಕೊಟ್ಟರು. ನೋಡಿದರೆ ಥೇಟ್ ನುಚ್ಚು, ಜೊತೆಗೆ ಹೊಟ್ಟು. ಪೇಲ್ ಮಾಲ್ಟ್ 2.25 ಕೆಜಿ, ಕ್ರಿಸ್ಟಲ್ 250 ಗ್ರಾಂ. 66 ಡಿಗ್ರಿಯಲ್ಲಿ ಒಂದು ಗಂಟೆ ಇಡಬೇಕು. ಇಷ್ಟೇ ತಾನೇ ಅಂದುಕೊಂಡೆ.

ಮೊದಲ ಸಲ ಎರಡು ತಪ್ಪು ಮಾಡಿದೆ. ಒಂದು, ಎಲ್ಲ ನುಚ್ಚನ್ನೂ ಒಂದೇ ಏಟಿಗೆ ಸುರಿದೆ. ಮುದ್ದೆ ಗಂಟುಗಟ್ಟುವುದು ನೋಡಿದ್ದೀರಲ್ಲ, ಹಾಗೆ ಗಂಟಾಯಿತು. ಹೊರಗೆ ಒದ್ದೆ, ಒಳಗೆ ಒಣ ಹಿಟ್ಟು. ಎರಡನೆಯದು ಇನ್ನೂ ದೊಡ್ಡದು. ಶಾಖ ಇಳಿಯಬಾರದು ಅಂತ ಒಲೆಯನ್ನು ಸಣ್ಣಗೆ ಉರಿಯಲು ಬಿಟ್ಟೆ. ಥರ್ಮಾಮೀಟರನ್ನು ಮೇಲ್ಗಡೆ ಅದ್ದಿ ನೋಡಿದಾಗೆಲ್ಲ 65, 64. ಸ್ವಲ್ಪ ಉರಿ ಜಾಸ್ತಿ ಮಾಡಿದೆ. ನಲವತ್ತು ನಿಮಿಷ ಆದ ಮೇಲೆ ತಳದಿಂದ ಒಮ್ಮೆ ತಿರುವಿದೆ ನೋಡಿ, ಥರ್ಮಾಮೀಟರ್ 74ಕ್ಕೆ ಹೋಯಿತು. ಅಷ್ಟು ಹೊತ್ತೂ ಕೆಳಗಿನ ಕಾಳು ಅದಕ್ಕಿಂತ ಹೆಚ್ಚು ಬಿಸಿಯಲ್ಲಿ ಬೇಯುತ್ತಿತ್ತು.

ಅದರಿಂದ ಏನಾಯಿತು ಅಂತ ತಿಳಿದದ್ದು ಎರಡು ವಾರದ ಮೇಲೆ. ಯೀಸ್ಟ್ ಸಕ್ಕರೆ ತಿಂದಷ್ಟೂ ಹೈಡ್ರೋಮೀಟರಿನ ಅಂಕಿ ಇಳಿಯಬೇಕು. ನನ್ನದು 1.038ರಿಂದ ಶುರುವಾಗಿ 1.018ಕ್ಕೆ ಬಂದು ಕೂತಿತು. ಮೂರು ದಿನ ಬಿಟ್ಟು ನೋಡಿದರೂ ಅಲ್ಲೇ. ಡ್ರಮ್ಮು ಅಲ್ಲಾಡಿಸಿದೆ, ಫ್ರಿಜ್ಜನ್ನು 21ಕ್ಕೆ ಏರಿಸಿದೆ, ಜಪ್ಪಯ್ಯ ಅನ್ನಲಿಲ್ಲ. ಲೆಕ್ಕ ಹಾಕಿದರೆ ಆಲ್ಕೋಹಾಲ್ ಶೇ. 2.6. ಕುಡಿದರೆ ಪಾನಕ. ಪಾನಕಕ್ಕೆ ಕಹಿ ಹಾಕಿದ ಹಾಗೆ.

ಮೊಳಕೆ ಬಂದ ಬಾರ್ಲಿಯಲ್ಲಿ ಪಿಷ್ಟವನ್ನು ಕತ್ತರಿಸುವ ಎರಡು ಮುಖ್ಯ ಕಿಣ್ವ ಇರುತ್ತವೆ. ಬೀಟಾ ಅಮೈಲೇಸ್ 60ರಿಂದ 65 ಡಿಗ್ರಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಪಿಷ್ಟದ ತುದಿಯಿಂದ ಸಣ್ಣ ಸಣ್ಣ ಸಕ್ಕರೆ ಕಡಿದು ಕೊಡುತ್ತದೆ, ಯೀಸ್ಟ್ ಅದನ್ನು ಪೂರ್ತಿ ತಿನ್ನುತ್ತದೆ. ಆಲ್ಫಾ ಅಮೈಲೇಸ್‌ಗೆ 70ರ ಆಸುಪಾಸು ಇಷ್ಟ. ಅದು ಸಿಕ್ಕ ಸಿಕ್ಕ ಕಡೆ ಕಡಿಯುತ್ತದೆ, ಹಾಗಾಗಿ ದೊಡ್ಡ ತುಂಡುಗಳೂ ಉಳಿಯುತ್ತವೆ. ಅವು ಯೀಸ್ಟಿನ ಬಾಯಿಗೆ ಹಿಡಿಸುವುದಿಲ್ಲ. 66 ಅನ್ನುವುದು ಇಬ್ಬರಿಗೂ ಒಪ್ಪಿಗೆಯಾಗುವ ಶಾಖ. ನಾನು 74 ದಾಟಿಸಿ ಬೀಟಾವನ್ನು ಸಾಯಿಸಿದ್ದೆ. ಆಮೇಲೆ ಆರಿಸಿದರೆ ಅದು ಎದ್ದು ಬರಲ್ಲ.

ಎರಡನೇ ಸಲದ ಹೊತ್ತಿಗೆ ಸರಿಯಾಗಿ ಅಮ್ಮ ಊರಿಂದ ಬಂದಿದ್ದಳು. ಬೆಳಿಗ್ಗೆ ನಾನು ಮಾಲ್ಟ್ ಚೀಲ ಬಿಚ್ಚುತ್ತಿದ್ದ ಹಾಗೆ ಹಾಲ್‌ನಿಂದಲೇ ಕೇಳಿದಳು:

"ಏನೋ ಅದು? ಸರಿ ಹಿಟ್ಟಿನ ವಾಸನೆ ಬರ್ತಿದೆ."

"ಬಾರ್ಲಿ ಕಣಮ್ಮ. ಮೊಳಕೆ ಬರಿಸಿ ಒಣಗಿಸಿದ್ದು."

"ಯಾವ ಮಗುಗೋ?"

"ನಿಮ್ಮ ಮಗುಗೇ ಅತ್ತೆ" ಅಂದಳು ನನ್ನ ಹೆಂಡತಿ.

ಅಮ್ಮನ ಮೂಗು ತಪ್ಪು ಹೇಳಿರಲಿಲ್ಲ. ನಮ್ಮ ಕಡೆ ಕೂಸುಗಳಿಗೆ ರಾಗಿ ಸರಿ ಮಾಡುವಾಗ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಬೆಚ್ಚಗೆ ಹುರಿದು ಬೀಸಿಸುತ್ತಾರೆ. ಆ ಹಿಟ್ಟಿನ ಸರಿ ಸಾದಾ ರಾಗಿ ಹಿಟ್ಟಿನ ಗಂಜಿಯಷ್ಟು ಗಟ್ಟಿಯಾಗುವುದಿಲ್ಲ, ತೆಳುವಾಗಿ, ಸಕ್ಕರೆ ಹಾಕದೆಯೇ ಸ್ವಲ್ಪ ಸಿಹಿಯಾಗಿರುತ್ತದೆ. ಅದೂ ಅಮೈಲೇಸ್ ಕೆಲಸವೇ. ನಾನು ಪುಸ್ತಕ ಓದಿ ಬಾಯಿಪಾಠ ಮಾಡಿದ್ದನ್ನು ಅಮ್ಮ ಮೂರು ಮಕ್ಕಳಿಗೆ ಮಾಡಿ ತಿನ್ನಿಸಿದ್ದಳು. ಮುದ್ದೆ ತಿರುವಿದ ಕೈ ಬೇರೆ. "ಎಸರು ಎಷ್ಟು ಇಟ್ಟಿದ್ದೀಯ?" ಅಂತ ಕೇಳಿದಾಗ ನನಗೆ ನಗು ಬಂತು. ನಾನು ಇಡೀ ವಾರ ಲೆಕ್ಕ ಹಾಕಿದ್ದೂ ಅದನ್ನೇ ಅಲ್ವಾ?

ಲೆಕ್ಕ ಹೀಗಿತ್ತು. ತಣ್ಣಗಿನ ಕಾಳು ಬಿದ್ದ ತಕ್ಷಣ ನೀರಿನ ಶಾಖ ಇಳಿಯುತ್ತದೆ. ಎರಡೂವರೆ ಕಿಲೋ ನುಚ್ಚು 20 ಡಿಗ್ರಿಯಲ್ಲಿದ್ದು, ನೀರು 8 ಲೀಟರ್ ಇದ್ದರೆ, ಎಸರು 72 ಡಿಗ್ರಿ ಇರಬೇಕು. ಆಗ ಎರಡೂ ಸೇರಿ 66ಕ್ಕೆ ನಿಲ್ಲುತ್ತದೆ. 72ಕ್ಕೆ ಬಂದ ಕೂಡಲೇ ಒಲೆ ಪೂರ್ತಿ ಆರಿಸಿ, ಪಾತ್ರೆಯನ್ನು ಒಲೆ ಮೇಲಿಂದ ಕೆಳಗಿಳಿಸಿದೆ. ನಾನು ಬೊಗಸೆ ಬೊಗಸೆಯಾಗಿ ಸುರಿದೆ, ಅಮ್ಮ ಮರದ ಸೌಟು ಹಿಡಿದು ತಿರುವಿದಳು. ಒಂದು ಗಂಟೂ ಇಲ್ಲ. ಥರ್ಮಾಮೀಟರ್ ಮೇಲೂ 66, ತಳದಲ್ಲೂ 66.

ಆಮೇಲೆ ಅವಳು ಊರಿಂದ ತಂದಿದ್ದ ಕಂಬಳಿಯನ್ನು ಪಾತ್ರೆಗೆ ಸುತ್ತಿದಳು. ಚಳಿಗಾಲದಲ್ಲಿ ಹೆಪ್ಪು ಹಾಕಿದ ಹಾಲಿಗೆ ಸುತ್ತುವ ಹಾಗೆ. ಒಂದು ಗಂಟೆ ಬಿಟ್ಟು ತೆಗೆದರೆ 64.5. ಒಂದೂವರೆ ಡಿಗ್ರಿ ಇಳಿದಿತ್ತು, ಅಷ್ಟೇ. ಹಿಟ್ಟು ಹಿಟ್ಟಾಗಿದ್ದ ನೀರು ತಿಳಿಯಾಗಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಒಂದು ಹನಿಯನ್ನು ಬಿಳಿ ತಟ್ಟೆಗೆ ಹಾಕಿ ಟಿಂಕ್ಚರ್ ಅಯೋಡಿನ್ ಬಿಟ್ಟೆ. ಪಿಷ್ಟ ಉಳಿದಿದ್ದರೆ ಕಪ್ಪು ನೀಲಿಯಾಗಬೇಕು. ಆಗಲಿಲ್ಲ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಚೀಲ ಎತ್ತಿ, ಜರಡಿ ಮೇಲಿಟ್ಟು, 75 ಡಿಗ್ರಿಯ ಐದೂವರೆ ಲೀಟರ್ ನೀರನ್ನು ನಿಧಾನವಾಗಿ ಹೊಯ್ದು ಕಾಳು ತೊಳೆದೆ. ಒಟ್ಟು 11 ಲೀಟರ್ ಸಿಹಿ ನೀರು ಸಿಕ್ಕಿತು. ಇದಕ್ಕೆ ವರ್ಟ್ ಅನ್ನುತ್ತಾರೆ. ಇದನ್ನು ಕುದಿಸುವಾಗ ಮಾತ್ರ ಅಲ್ಲಿಂದ ಕದಲಬೇಡಿ. ಮೊದಲ ಕುದಿಗೆ ಹಾಲು ಉಕ್ಕಿದ ಹಾಗೆ ಉಕ್ಕುತ್ತದೆ, ಒಲೆ ಮೇಲೆ ಬಿದ್ದರೆ ಗಟ್ಟಿ ಪಾಕ. ಅದನ್ನು ಕೆರೆಯುವಷ್ಟರಲ್ಲಿ ಬಿಯರ್ ಆಸೆಯೇ ಹೋಗಿರುತ್ತದೆ. ಕುದಿ ಬಂದ ಮೇಲೆ ಪ್ರೈಡ್ ಆಫ್ ರಿಂಗ್‌ವುಡ್ ಹಾಪ್ಸ್ 20 ಗ್ರಾಂ ಹಾಕಿದೆ. ಇದು ಕಹಿಗೆ, ಒಂದು ಗಂಟೆ ಕುದಿಯಬೇಕು. ರಿಂಗ್‌ವುಡ್ ಇದೇ ಮೆಲ್ಬರ್ನಿನ ಒಂದು ಬಡಾವಣೆ. ನನಗೆ ಈ ಹಾಪ್ಸ್ ಮೇಲೆ ಪ್ರೀತಿ ಬರೋಕೆ ಅರ್ಧ ಕಾರಣ ಅದು. ಮುಗಿಯಲು ಹತ್ತು ನಿಮಿಷ ಇರುವಾಗ ಕ್ಯಾಸ್ಕೇಡ್ ಅನ್ನುವ ಇನ್ನೊಂದು ಹಾಪ್ಸ್ 20 ಗ್ರಾಂ. ಒಲೆ ಆರಿಸಿದ ಮೇಲೆ ಗ್ಯಾಲಕ್ಸಿ 20 ಗ್ರಾಂ, ಪ್ಯಾಶನ್ ಹಣ್ಣಿನ ವಾಸನೆಗೆ. ಮಾಲ್ಟ್ ಪಾಕ 1.5 ಕೆಜಿ, ಅದನ್ನು ಸೇರಿಸಿದ್ದೂ ಕೊನೆಯ ಹತ್ತು ನಿಮಿಷದಲ್ಲೇ. ಸೇರಿಸುವಾಗ ಪಾತ್ರೆಯನ್ನು ಒಲೆಯಿಂದ ಇಳಿಸಿ ಕರಗಿಸಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಮೊದಲೇ ಹಾಕಿ ಒಂದು ಗಂಟೆ ಕುದಿಸಿದರೆ ಬಣ್ಣ ಕಪ್ಪಗಾಗುತ್ತದೆ.

ಸಿಂಕಿನಲ್ಲಿ ಐಸ್ ತುಂಬಿ ಪಾತ್ರೆ ಕೂರಿಸಿದರೆ ತಣ್ಣಗಾಗಲು ಅರ್ಧ ಗಂಟೆ. ಇಲ್ಲಿಂದ ಮುಂದೆ ಮುಟ್ಟುವ ಪ್ರತಿ ಸಾಮಾನೂ ಸ್ಯಾನಿಟೈಸ್ ಆಗಿರಬೇಕು. ಡ್ರಮ್ಮಿಗೆ ಸುರಿದು, ತಣ್ಣೀರು ಸೇರಿಸಿ 23 ಲೀಟರ್ ಮಾಡಿ, ಯೀಸ್ಟ್ ಉದುರಿಸಿ, ಫ್ರಿಜ್ಜಿಗೆ. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದ್ದು, ಪಾತ್ರೆ ತೊಳೆದಾಗ ಒಂದೂವರೆ. ಡಬ್ಬದ ಮುಕ್ಕಾಲು ಗಂಟೆಗೆ ಹೋಲಿಸಿದರೆ ಇದು ಮದುವೆ ಮನೆ ಕೆಲಸ. ಖರ್ಚೂ ಕಮ್ಮಿಯಾಗಲಿಲ್ಲ, ನಿಜ ಹೇಳಬೇಕಂದ್ರೆ ಹಾಪ್ಸ್‌ನಿಂದಾಗಿ ಹೆಚ್ಚೇ ಆಯಿತು. ದುಡ್ಡು ಉಳಿಸೋಕೆ ಅಂತ ಇದಕ್ಕೆ ಇಳಿಯಬೇಡಿ.

ಆ ಸಲ 1.041ರಿಂದ 1.010ಕ್ಕೆ ಇಳಿಯಿತು. ಶೇ. 4.1. ಎರಡು ದಿನ ಬಿಟ್ಟು ನೋಡಿದಾಗಲೂ ಅಷ್ಟೇ ಇದ್ದ ಮೇಲೆ ಬಾಟಲಿಗೆ ತುಂಬಿದೆ. ಈ ಎರಡು ದಿನ ಕಾಯದೆ, ಹುದುಗು ಮುಗಿಯುವ ಮೊದಲೇ ಒಮ್ಮೆ ಡಬ್ಬದ ಬಿಯರನ್ನು ತುಂಬಿ, ಬಾಟಲಿ ಬಿಚ್ಚಿದಾಗ ಸೀಲಿಂಗ್‌ಗೆ ಅಭಿಷೇಕ ಆಗಿತ್ತು. ಪುಣ್ಯಕ್ಕೆ ಪ್ಲಾಸ್ಟಿಕ್ ಬಾಟಲಿ. ಗಾಜಾಗಿದ್ದರೆ ಒಡೆದು ಚೂರು ಹಾರುತ್ತಿತ್ತು.

ಮೂರು ವಾರದ ಮೇಲೆ ಮೊದಲ ಬಾಟಲಿ ತೆಗೆದೆ. ನೊರೆ ಗ್ಲಾಸಿಗೆ ಅಂಟಿಕೊಂಡು ಕೊನೇ ಗುಟುಕಿನ ತನಕ ನಿಂತಿತ್ತು. ಡಬ್ಬದ ಬಿಯರ್‌ನಲ್ಲಿ ಅದು ಎಂದೂ ಆಗಿರಲಿಲ್ಲ. ಬಾಯಲ್ಲಿ ಹುರಿದ ಬ್ರೆಡ್ಡಿನ ಹಾಗೆ ಒಂದು ರುಚಿ, ಆಮೇಲೆ ಹಣ್ಣು, ಕೊನೆಗೆ ಕಹಿ. ಕಹಿ ಇನ್ನೂ ಸ್ವಲ್ಪ ಇರಬಹುದಿತ್ತು ಅನ್ನಿಸಿತು. ಮುಂದಿನ ಸಲ ಪ್ರೈಡ್ 25 ಗ್ರಾಂ ಅಂತ ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಹಾಗೆ ಬರೆದಿಡುವುದೇ ನನಗೆ ಈ ಕೆಲಸದಲ್ಲಿ ಸಿಕ್ಕ ಖುಷಿ.

ಹಿಂಡಿದ ಕಾಳನ್ನು ಎಸೆಯಲು ಅಮ್ಮ ಬಿಡಲಿಲ್ಲ. "ಒಳ್ಳೆ ಬೂಸಾ ಕಣೋ ಇದು, ಹಸು ಇದ್ದಿದ್ರೆ ಎಷ್ಟು ಖುಷಿಯಾಗಿ ತಿಂತಿತ್ತು" ಅಂತ ಬೇಜಾರು ಮಾಡಿಕೊಂಡಳು. ನಾವಿರುವ ಟಾರ್ನೀಟ್ ಬಡಾವಣೆಯಲ್ಲಿ ಹಸು ಎಲ್ಲಿಂದ ತರಲಿ? ಪಕ್ಕದ ಬೀದಿಯವರು ಕೋಳಿ ಸಾಕಿದ್ದಾರೆ, ಅವರಿಗೆ ಬಕೆಟ್ ತುಂಬ ಕೊಟ್ಟೆವು. ಅವರು ವಾಪಸ್ ಆರು ಮೊಟ್ಟೆ ಕೊಟ್ಟರು.

ಅಮ್ಮ ಊರಿಗೆ ಹೊರಡುವ ಹಿಂದಿನ ವಾರ ಇನ್ನೊಂದು ಸಲ ಮಾಡಿದೆವು. 'ಮಾಡಿದೆವು' ಅಂದರೆ ತಿರುವಿದ್ದೆಲ್ಲ ಅವಳೇ. ಚೀಲ ಎತ್ತಿ ಆದ ಮೇಲೆ, ಹಾಪ್ಸ್ ಹಾಕುವ ಮೊದಲು, ಒಂದು ಲೋಟ ವರ್ಟ್ ಆರಿಸಿ ಅವಳಿಗೆ ಕೊಟ್ಟೆ. ಬಿಯರ್ ಮುಟ್ಟದ ಹೆಂಗಸು, ಅನುಮಾನದಿಂದಲೇ ಒಂದು ಗುಟುಕು ಕುಡಿದಳು. ಆಮೇಲೆ ಪೂರ್ತಿ ಲೋಟ ಖಾಲಿ ಮಾಡಿದಳು.

"ಚೆನ್ನಾಗೇ ಇದೆಯಲ್ಲೋ" ಅಂದಳು. "ಇಲ್ಲಿಗೇ ನಿಲ್ಲಿಸಿದ್ರೆ ಏನಾಗತ್ತೆ ನಿಂಗೆ?"