ಸತ್ತ ಪರಮಾಣುಗಳ ಲೆಕ್ಕ

ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಪ್ರಯೋಗಾಲಯದಲ್ಲಿ, ಪ್ರತಿದ್ರವ್ಯದ (ಆಂಟಿಮ್ಯಾಟರ್) ಪರಮಾಣುಗಳನ್ನು ಹಿಡಿದು ಅಳೆಯುವ ಆಲ್ಫಾ ಪ್ರಯೋಗದಲ್ಲಿ ನನ್ನ ಪಾಲಿಗೆ ಬಂದದ್ದು ಲೇಸರ್ ಕೆಲಸ. ಪ್ರಶ್ನೆ ಸುಲಭ: ಹೈಡ್ರೋಜನ್ ಹೀರುವ ಬಣ್ಣವನ್ನೇ ಅದರ ಪ್ರತಿರೂಪ ಆಂಟಿಹೈಡ್ರೋಜನ್ ಕೂಡ ಹೀರುತ್ತದಾ? ಇದರಲ್ಲಿ ಪ್ರೋಟಾನ್ ಜಾಗದಲ್ಲಿ ಆಂಟಿಪ್ರೋಟಾನ್, ಎಲೆಕ್ಟ್ರಾನ್ ಜಾಗದಲ್ಲಿ ಪಾಸಿಟ್ರಾನ್. ಪರಮಾಣು ಮತ್ತು ಅದರ ಪ್ರತಿರೂಪ ಒಂದೇ ಬಣ್ಣ ಹೀರಬೇಕು ಅನ್ನುವ ಸಿಪಿಟಿ ಸಮ್ಮಿತಿ ನಿಜವಾದರೆ ಎಳ್ಳಷ್ಟೂ ವ್ಯತ್ಯಾಸ ಇರಬಾರದು.

ಆಂಟಿಪ್ರೋಟಾನ್ ಬರುವುದು ಕಣಗಳ ವೇಗ ತಗ್ಗಿಸುವ ಡಿಸಲರೇಟರ್ ಯಂತ್ರದಿಂದ, ಪಾಸಿಟ್ರಾನ್ ವಿಕಿರಣಶೀಲ ಸೋಡಿಯಂ-22ರಿಂದ. ಬೆರೆಸಿದರೆ ಸಾವಿರಾರು ಪರಮಾಣು ಆಗುತ್ತವೆ, ಆದರೆ ಅಯಸ್ಕಾಂತದ ಬೋನು ಹಿಡಿಯುವುದು ಅರ್ಧ ಕೆಲ್ವಿನ್‌ಗಿಂತ ತಣ್ಣಗಿರುವುದನ್ನು ಮಾತ್ರ. 2018ರ ಅಳತೆಯ ದಿನಗಳಲ್ಲಿ ಒಂದು ಸಲಕ್ಕೆ ಹತ್ತಿಪ್ಪತ್ತು ಸಿಕ್ಕರೆ ಜಾಸ್ತಿಯಾಗಿತ್ತು. ಹಾಗಾಗಿ ಮತ್ತೆ ಮತ್ತೆ ತುಂಬಿಸುತ್ತಾ ಹೋಗುತ್ತೇವೆ.

ಆಮೇಲೆ 243 ನ್ಯಾನೋಮೀಟರ್ ಬೆಳಕು. ಎದುರುಬದುರು ಬರುವ ಎರಡು ಫೋಟಾನ್ ಒಟ್ಟಿಗೆ ಹೀರಿಕೊಂಡು ಪರಮಾಣು ತಳಮಟ್ಟದ 1ಎಸ್ ಸ್ಥಿತಿಯಿಂದ ಹೆಚ್ಚು ಶಕ್ತಿಯ 2ಎಸ್ ಸ್ಥಿತಿಗೆ ಏರುತ್ತದೆ. ಪರಮಾಣುವಿನ ಓಟದಿಂದ ಬೆಳಕಿನ ಆವರ್ತನ ಅದಕ್ಕೆ ಬದಲಾದಂತೆ ಕಾಣುವ ಡಾಪ್ಲರ್ ಪಲ್ಲಟ ಅಲ್ಲೇ ಬಹುಪಾಲು ವಜಾ. ಬೆಳಕಿನ ಬಲ ಹೆಚ್ಚಿಸಲು ಎರಡು ಕನ್ನಡಿಗಳ ನಡುವೆ ಅದನ್ನು ಓಡಾಡಿಸುತ್ತೇವೆ. ಕನ್ನಡಿಗಳು ನಿರ್ವಾತದೊಳಗೆ, ಕೈಗೆ ಸಿಗುವುದಿಲ್ಲ. ಲೇಸರ್‌ಗೂ ಕನ್ನಡಿಗಳಿಗೂ ಇರುವ ಹೊಂದಾಣಿಕೆ, ಅಂದರೆ ಲಾಕ್, ತಪ್ಪಿದರೆ ಹೊರಗಿನಿಂದಲೇ ಸರಿಮಾಡಬೇಕು. ನಡುರಾತ್ರಿ ಆ ಕೆಲಸ ಯಾರಿಗೂ ಬೇಡ.

ಪರಮಾಣು ಏರಿತು ಅಂತ ಗೊತ್ತಾಗುವುದು ಅದು ಸತ್ತಾಗ. 2ಎಸ್‌ನಲ್ಲಿದ್ದಾಗ ಇನ್ನೊಂದು ಫೋಟಾನ್ ತಗುಲಿದರೆ ಪಾಸಿಟ್ರಾನ್ ಕಳಚಿಕೊಳ್ಳುತ್ತದೆ. ಆಂಟಿಪ್ರೋಟಾನ್ ಗೋಡೆಗೆ ಬಡಿದು ನಾಶವಾಗುತ್ತದೆ, ಪಯಾನ್ ಅನ್ನುವ ಕಣಗಳು ಚಿಮ್ಮುತ್ತವೆ. ಸುತ್ತಲಿನ ಸಿಲಿಕಾನ್ ಡಿಟೆಕ್ಟರ್‌ನಲ್ಲಿ ಗೆರೆಗಳು ಒಂದು ಬಿಂದುವಿನಲ್ಲಿ ಕೂಡಿದರೆ ಅದು ನಮ್ಮದು. ಸುಮ್ನೆ ನೇರವಾಗಿ ದಾಟಿಹೋದ ಗೆರೆ ಸಾಮಾನ್ಯವಾಗಿ ಕಾಸ್ಮಿಕ್ ಕಿರಣ. ಕೊನೆಗೆ ಅಯಸ್ಕಾಂತದ ಬಲ ಇಳಿಸಿ ಉಳಿದವನ್ನೂ ಎಣಿಸುತ್ತೇವೆ. ಲೇಸರ್ ಕೊಂದದ್ದು ಜಾಸ್ತಿಯಾದಷ್ಟೂ ಉಳಿದದ್ದು ಕಡಿಮೆಯಾಗಬೇಕು, ಎರಡೂ ತಾಳೆಯಾಗಬೇಕು.

ನನಗೆ ನಂಬಿಕೆ ತಂದದ್ದು ಮಾತ್ರ ಬೋರು ಹೊಡೆಸುವ ಶಿಫ್ಟ್‌ಗಳು. ಲೇಸರ್ ಆವರ್ತನವನ್ನು 200 ಕಿಲೋಹರ್ಟ್ಸ್ ಪಕ್ಕಕ್ಕಿಟ್ಟು ಅಷ್ಟೇ ಹೊತ್ತು ಬಿಡುತ್ತೇವೆ. ಅದೇ ಬೆಳಕು, ಅದೇ ಬಲ, ಆದರೂ ಪರಮಾಣುಗಳಿಗೆ ಏನೂ ಆಗುವುದಿಲ್ಲ. ಕನ್ನಡಿಯ ಬಿಸಿಯೋ ಇನ್ನೇನೋ ಅವನ್ನು ಕೊಲ್ಲುತ್ತಿದ್ದರೆ ಇಲ್ಲೇ ಸಿಕ್ಕಿಬೀಳುತ್ತಿತ್ತು, ಅಲ್ವಾ?

2018ರಲ್ಲಿ ಪ್ರಕಟವಾದ ಅಳತೆ ಲಕ್ಷ ಕೋಟಿಗೆ ಎರಡು ಪಾಲಿನಷ್ಟು ನಿಖರ. ಅಷ್ಟರ ಮಟ್ಟಿಗೆ ಹೈಡ್ರೋಜನ್‌ನ ಲೆಕ್ಕಕ್ಕೆ ಸರಿಹೊಂದಿತು. ‘ಹಾಗಾದರೆ ಏನೂ ಸಿಗಲಿಲ್ವಾ?’ ಅಂತ ನೆಂಟರು ಕೇಳುತ್ತಾರೆ. ಕೆಲಸ ಇನ್ನೂ ಮುಗಿದಿಲ್ಲ ಅನ್ನುತ್ತೇನೆ: ಹೈಡ್ರೋಜನ್‌ನದೇ ಅಳತೆ ಇದಕ್ಕಿಂತ ನೂರಾರು ಪಟ್ಟು ಸೂಕ್ಷ್ಮ. ಅಲ್ಲಿಗೆ ಮುಟ್ಟಬೇಕಾದರೆ ಪರಮಾಣು ಇನ್ನೂ ತಣ್ಣಗಾಗಬೇಕು. 121.6 ನ್ಯಾನೋಮೀಟರ್ ಲೇಸರ್‌ನಿಂದ ತಣಿಸಿದ್ದು 2021ರಲ್ಲಿ ಪ್ರಕಟವಾಯಿತು. ಆ ಬೆಳಕನ್ನು ಗಾಳಿಯೇ ಹೀರಿಬಿಡುವುದರಿಂದ ಅದರ ದಾರಿಯೆಲ್ಲ ನಿರ್ವಾತದ ಕೊಳವೆಯಲ್ಲೇ.