ಮಡಕೆಯ ನೀರು ಮತ್ತು ಕೆಂಪು ಪಟ್ಟಿ

1986ರಲ್ಲಿ ನಾನು ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿದ್ದೆ. ಅಲ್ಲಿ ಅರಿವಳಿಕೆ ಕೊಡಲು ನಾನೊಬ್ಬನೇ. ಆಮ್ಲಜನಕದ ಸಿಲಿಂಡರ್ ಹೊತ್ತ ಲಾರಿ ಯಾವಾಗ ಬರುತ್ತದೆ ಎಂದು ಹೇಳುವಂತಿರಲಿಲ್ಲ. ಸಿಲಿಂಡರ್ ಇಲ್ಲದ ದಿನ, ಅದರ ಅನಿಲದಿಂದಲೇ ನಡೆಯುವ ಅರಿವಳಿಕೆಯ ಬಾಯಲ್ಸ್ ಯಂತ್ರ ಮೂಲೆ ಹಿಡಿಯುತ್ತಿತ್ತು. ಆಗೆಲ್ಲ ನನ್ನ ಕೈಹಿಡಿದದ್ದು ಇಎಂಒ.

ಎಪ್‌ಸ್ಟೈನ್, ಮ್ಯಾಕಿಂತೋಷ್, ಆಕ್ಸ್‌ಫರ್ಡ್ ಎಂಬ ಮೂರು ಹೆಸರುಗಳ ಮೊದಲಕ್ಷರಗಳಿಂದ ಬಂದ ಹೆಸರದು. ಮೊದಲಿಬ್ಬರು ವ್ಯಕ್ತಿಗಳು, ಮೂರನೆಯದು ಊರು. 1950ರ ದಶಕದಲ್ಲಿ ರೂಪುಗೊಂಡ, ಈಥರ್ ಎಂಬ ಅರಿವಳಿಕೆ ದ್ರವದ ಆವಿ ಕೊಡುವ ಉಪಕರಣ. ಇದಕ್ಕೆ ವಿದ್ಯುತ್ ಬೇಡ, ಒತ್ತಡದ ಅನಿಲವೂ ಬೇಡ. ರೋಗಿ ಉಸಿರೆಳೆದಾಗ ಕೋಣೆಯ ಗಾಳಿಯೇ ಒಳಹೊಕ್ಕು, ಈಥರ್ ಮೇಲೆ ಹಾದು, ಆವಿಯನ್ನು ಹೊತ್ತು ಬರುತ್ತದೆ. ಆವಿಯಾಗುತ್ತಾ ಈಥರ್ ತಣ್ಣಗಾಗುತ್ತದೆ, ತಣ್ಣಗಾದಂತೆ ಆವಿ ಕಡಿಮೆಯಾಗುತ್ತದೆ. ಹಳೆಯ ಬಾಟಲಿಗಳಲ್ಲಿ ಇದೇ ದೊಡ್ಡ ತೊಡಕು. ಇಎಂಒದಲ್ಲಿ ಈಥರ್ ಕೋಣೆಯ ಸುತ್ತ ಸುಮಾರು 1.2 ಲೀಟರ್ ನೀರು ನಿಂತು ಶಾಖ ಒದಗಿಸುತ್ತದೆ. ಉಳಿದ ವ್ಯತ್ಯಾಸವನ್ನು ಒಳಗಿನ ಸುಕ್ಕುಸುಕ್ಕಾದ ಪುಟ್ಟ ಲೋಹದ ಡಬ್ಬಿ ಸರಿಪಡಿಸುತ್ತದೆ. ಶಾಖಕ್ಕೆ ಹಿಗ್ಗಿ ಕುಗ್ಗಿ ಆವಿಯ ದಾರಿಯನ್ನು ಕಿರಿದು ಹಿರಿದು ಮಾಡುವುದು ಅದರ ಕೆಲಸ. ಹೀಗಾಗಿ ಈಥರ್ ಪ್ರಮಾಣ ಹೊಂದಿಸುವ ಹಿಡಿಯಾದ ಲಿವರನ್ನು 6ಕ್ಕೆ ಇಟ್ಟರೆ ಶೇಕಡಾ 6ರಷ್ಟು ಈಥರ್ ಬರುತ್ತದೆಂದು ನಂಬಿ ಕೂರಬಹುದಿತ್ತು.

ಆದರೆ ಈಥರ್ ಕುದಿಯುವುದು ಸುಮಾರು 35 ಡಿಗ್ರಿಯಲ್ಲಿ. ನಮ್ಮೂರಿನ ಏಪ್ರಿಲ್ ಅದನ್ನು ಸುಲಭವಾಗಿ ದಾಟುತ್ತದೆ.

ಒಂದು ಮಧ್ಯಾಹ್ನ ಕರುಳು ಸಿಕ್ಕಿಕೊಂಡ ಹರ್ನಿಯಾದ ಹೆಣ್ಣುಮಗಳೊಬ್ಬಳನ್ನು ಎತ್ತಿನ ಗಾಡಿಯಲ್ಲಿ ತಂದರು. ಕೂಲಿ ಕೆಲಸದವಳು, ಮೂರು ದಿನದಿಂದ ವಾಂತಿ, ನಾಲಗೆ ಒಣಗಿ ಹೋಗಿತ್ತು. ಯಂತ್ರದ ತಲೆಯ ಮೇಲಿನ ಉಷ್ಣಸೂಚಕವನ್ನು ನೋಡಿದರೆ ಕೆಂಪು ಪಟ್ಟಿ ಮೇಲೆದ್ದಿದೆ. ಕಪ್ಪು ಕಂಡರೆ ಕೆಲಸಕ್ಕೆ ಸರಿ, ಕೆಂಪು ಕಂಡರೆ ವಿಪರೀತ ಕಾದಿದೆ, ಲಿವರ್ ಹೇಳುವ ಅಂಕಿಯನ್ನು ನಂಬಬೇಡ ಎಂದರ್ಥ.

“ಸಿಸ್ಟರ್, ಕುಡಿಯುವ ನೀರಿನ ಮಡಕೆ ತನ್ನಿ” ಎಂದೆ.

“ಸರ್, ಇದಕ್ಕೆ ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕೆಂದು ನೀವೇ ಹೇಳಿದ್ದೀರಿ.”

“ಈವತ್ತು ತಂಪು ಮುಖ್ಯ. ನಾಳೆ ತೊಳೆದು ಅದನ್ನೇ ತುಂಬೋಣ.”

ಈಥರನ್ನು ಹೊರತೆಗೆದು, ಬಿಸಿ ನೀರನ್ನು ಬಸಿದು, ಮಡಕೆಯ ನೀರು ತುಂಬಿದೆವು. ಡ್ರಿಪ್ ಓಡುತ್ತಿರುವಾಗಲೇ ಕೆಂಪು ಇಳಿಯಿತು, ಕಪ್ಪು ಕಂಡಿತು. ಆ ಕೆಲವು ನಿಮಿಷಗಳಷ್ಟು ಉದ್ದದ ಕಾಯುವಿಕೆ ನನಗೆ ಇನ್ನೊಂದು ನೆನಪಿಲ್ಲ.

ಸಿಲಿಂಡರಿನ ತಳದಲ್ಲಿ ಉಳಿದಿದ್ದ ಆಮ್ಲಜನಕವನ್ನು ಮೊದಲು ಕೊಟ್ಟೆ. ನಿದ್ದೆ ಬರಿಸಲು ಸ್ವಲ್ಪವೇ ಥಯೋಪೆಂಟೋನ್, ಆಮೇಲೆ ಸ್ನಾಯು ಸಡಿಲಿಸುವ ಸಕ್ಸಮೆಥೋನಿಯಂ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಾರದಂತೆ ಸಿಸ್ಟರ್ ಗಂಟಲ ಮೇಲೆ ಬೆರಳೊತ್ತಿ ಹಿಡಿದರು. ಶ್ವಾಸನಾಳಕ್ಕೆ ನಳಿಕೆ ಹೋದ ಮೇಲೆ, ಕೈಯಿಂದ ಒತ್ತಿ ಉಸಿರು ಕೊಡುವ ಆಕ್ಸ್‌ಫರ್ಡ್ ತಿದಿ ನನ್ನ ಎಡಗೈಗೆ ಬಂತು.

ಈ ತಿದಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದಕ್ಕೆ ಎರಡು ಕವಾಟಗಳಿವೆ, ಪಕ್ಕದಲ್ಲಿ ಒಂದು ಅಯಸ್ಕಾಂತ. ರೋಗಿಯ ಕಡೆ, ಬಿಟ್ಟ ಉಸಿರನ್ನು ಹೊರಹಾಕುವ ಬೇರೆ ವಾಲ್ವ್ ಜೋಡಿಸಿದಾಗ ಆ ಅಯಸ್ಕಾಂತದಿಂದ ತಿದಿಯ ಒಂದು ಕವಾಟವನ್ನು ತೆರೆದೇ ಹಿಡಿಯಬೇಕು. ಕಲಿಯುವಾಗ ಒಮ್ಮೆ ನಾನು ಮರೆತಿದ್ದೆ. ಎದೆ ಉಬ್ಬಿತು, ಇಳಿಯಲಿಲ್ಲ. ಹಿಂದೆ ನಿಂತಿದ್ದ ನನ್ನ ಗುರುಗಳು ಒಂದೂ ಮಾತಾಡದೆ ವಾಲ್ವನ್ನು ಕಿತ್ತು ಕೈಗಿಟ್ಟರು. ಅಂದಿನಿಂದ ಯಂತ್ರ ಮುಟ್ಟುವ ಮೊದಲು ನನ್ನ ಬೆರಳು ಅಯಸ್ಕಾಂತವನ್ನು ತಡವುತ್ತದೆ.

ಅವಳು ತಾನಾಗಿ ಉಸಿರಾಡತೊಡಗಿದ ಮೇಲೆ ಲಿವರನ್ನು ಮೆಲ್ಲಗೆ ಏರಿಸಿ, ನಂತರ 6ಕ್ಕೆ ಇಳಿಸಿದೆ. ತಿದಿ ಅವಳ ಉಸಿರಿನೊಂದಿಗೆ ಏರಿಳಿಯುತ್ತಿತ್ತು. ಈಥರ್‌ನ ದೊಡ್ಡ ಗುಣವೇ ಇದು: ಅತಿಯಾದರೆ ಹೃದಯಕ್ಕಿಂತ ಮೊದಲು ಉಸಿರು ಸೋಲುತ್ತದೆ, ಎಚ್ಚರಿಕೆ ಕೈಗೇ ತಿಳಿಯುತ್ತದೆ. ಬರೀ ಗಾಳಿಯಲ್ಲಿ ಅವಳ ತುಟಿ ಕಪ್ಪಿಟ್ಟಂತೆ ಕಂಡಾಗಲೆಲ್ಲ ತಿದಿಯನ್ನು ಒತ್ತಿ ಉಸಿರಿಗೆ ಬಲ ಕೊಟ್ಟೆ.

ಬೆಂಕಿಯ ಭಯ ಮಾತ್ರ ಸದಾ ಇರುತ್ತಿತ್ತು. ರಕ್ತನಾಳ ಸುಡುವ ವಿದ್ಯುತ್ ಉಪಕರಣ ಬಳಸುವಂತಿಲ್ಲ. ಸರ್ಜನ್ ಒಂದೊಂದು ನಾಳವನ್ನೂ ದಾರದಿಂದ ಕಟ್ಟಿದರು. ಕರೆಂಟ್ ಹೋದಾಗ ಟಾರ್ಚನ್ನು ಹೊರಗೇ ಹೊತ್ತಿಸಿ ತಂದರು. ಈಥರ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿಯುತ್ತದೆ. ಹಾಗಾಗಿ ಬಾಗಿಲ ಬುಡದಲ್ಲಿ ಯಾರೂ ಬೀಡಿ ಹೊತ್ತಿಸದಂತೆ ಅಟೆಂಡರ್ ಕಾವಲಿದ್ದ.

ಹೊಲಿಗೆ ಮುಗಿಯುವ ಎಷ್ಟೋ ಮೊದಲೇ ಲಿವರನ್ನು ಸೊನ್ನೆಗೆ ತಂದೆ. ಆದರೂ ಅವಳು ಕಣ್ಣು ತೆರೆಯುವಾಗ ಸಂಜೆಯಾಗಿತ್ತು. ಮೊದಲು ವಾಂತಿ, ಆಮೇಲೆ ನೀರು ಕೇಳಿದಳು. ಒದ್ದೆ ಬಟ್ಟೆಯಿಂದ ತುಟಿ ಒರೆಸಿದೆವು. ಹತ್ತನೆಯ ದಿನ ನಡೆದುಕೊಂಡೇ ಮನೆಗೆ ಹೋದಳು.

ನಿವೃತ್ತನಾದ ಮೇಲೆ ಅಂಥದ್ದೇ ಒಂದು ಹಳೆಯ ಇಎಂಒ ನನ್ನ ಮನೆಗೆ ಬಂದಿದೆ. ತಿದಿಯ ರಬ್ಬರ್ ಸೀಳಿದೆ, ಲಿವರ್ ಗಡುಸಾಗಿದೆ. ಬಟ್ಟಿ ಇಳಿಸಿದ ನೀರು ತುಂಬಿ ಕಿಟಕಿಯ ಬಳಿ ಇಟ್ಟಿದ್ದೇನೆ. ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಎರಡರ ಹೊತ್ತಿಗೆ ಕೆಂಪು ಪಟ್ಟಿ ಈಗಲೂ ಮೇಲೇಳುತ್ತದೆ.